ನಾನು ಮುಚ್ಚಿದ ನಾಲ್ಕು ತೂತು

ಮೂವರು ಹೆಂಗಸರು ಕೌದಿ ಹೊಲಿಯಲು ಕೂತರೆ ಮೊದಲು ಶುರುವಾಗುವುದು ಹೊಲಿಗೆಯಲ್ಲ, ಜಾಗದ ಜಗಳ. ಬಬಲೇಶ್ವರದ ನಮ್ಮ ಪಡಸಾಲೆಯಲ್ಲಿ ಕೂರುವ ಜಾಗ ಮೂರೇ. ಬಾಗಿಲ ಬಳಿ ಬೆಳಕಿದೆ, ಗೋಡೆಯ ಬಳಿ ಬೆನ್ನಿಗೆ ಆಸರೆ ಇದೆ, ನಡುವಿನಲ್ಲಿ ಎರಡೂ ಇಲ್ಲ. ಹಾಗಾಗಿ ನಾನು, ನೆರೆಮನೆಯ ಗಂಗವ್ವ, ಜೈನಾಪುರದಿಂದ ಬರುವ ನನ್ನ ತಂಗಿ ಶಾಂತವ್ವ ಆಗಾಗ ಜಾಗ ಬದಲಿಸುತ್ತೇವೆ, ಬೈದುಕೊಂಡೇ. ಈ ಬೈದಾಟದಲ್ಲಿ ದೊಡ್ಡ ಗಣಿತವಿದೆ ಎಂದು ನನಗೆ ಹೇಳಿದವಳು ವಿಜಯಪುರದಲ್ಲಿ ಪಿಎಚ್.ಡಿ. ಮಾಡುವ ಮೊಮ್ಮಗಳು ಪವಿತ್ರಾ.

ನನ್ನ ತಲೆಗೆ ಹತ್ತಿದಷ್ಟನ್ನು ಹೇಳುತ್ತೇನೆ, ಕೇಳಿ. ‘ಗಂಗವ್ವ ಬಾಗಿಲಲ್ಲಿ’ ಎಂಬುದು ಒಂದು ಚುಕ್ಕಿ. ಮೂವರಿಗೆ ಮೂರು ಜಾಗವೆಂದರೆ ಒಂಬತ್ತು ಚುಕ್ಕಿ. ಮೂವರೂ ಕೂತಾಗ ಮೂರು ಚುಕ್ಕಿ ಸೇರಿ ಒಂದು ತ್ರಿಕೋನ. ಕೂರುವ ಬಗೆ ಆರು, ತ್ರಿಕೋನವೂ ಆರು. ಮೂವರೂ ಒಟ್ಟಿಗೆ ಒಂದೇ ದಿಕ್ಕಿಗೆ ಒಂದೊಂದು ಜಾಗ ಸರಿಯಲಷ್ಟೇ ಅಪ್ಪಣೆ ಇದ್ದರೆ ಹಳೆಯ ಜಾಗದಲ್ಲಿ ಯಾರೂ ಉಳಿಯುವುದಿಲ್ಲ. ಆಗ ಸಿಗುವ ಮೂರು ತ್ರಿಕೋನ ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಬೀಳುತ್ತವೆ. ಒಬ್ಬಳು ಕೂತಲ್ಲೇ ಕೂತು ಉಳಿದಿಬ್ಬರು ಅದಲುಬದಲಾದರೆ ಮಾತ್ರ, ಕೂತವಳ ಚುಕ್ಕಿಯಲ್ಲಿ ಎರಡು ತ್ರಿಕೋನ ಮೂಲೆಗೆ ಮೂಲೆ ಸೇರುತ್ತವೆ. ಇದು ಸಂಸಾರ ಮಾಡಿದ ಯಾವ ಹೆಂಗಸಿಗೂ ಗೊತ್ತಿರುವ ಸಂಗತಿ, ಹೆಸರಿಟ್ಟಿರಲಿಲ್ಲ, ಅಷ್ಟೆ. ಯಾವ ಅದಲುಬದಲಿಗೆ ಅಪ್ಪಣೆ ಇದ್ದರೆ ಎಂಥ ಆಕಾರ ಬರುತ್ತದೆ, ಅದರಲ್ಲಿ ಎಷ್ಟು ತೂತು ಇರುತ್ತವೆ ಎಂಬುದೇ ಅವಳ ಆರು ವರ್ಷದ ಓದು.

ಹೋದ ವಾರ ಒಂದು ದಿನ ಊರಿಗೆ ಬಂದಳು. ಮರುದಿನ ಅವಳ ಕೊನೆಯ ಪರೀಕ್ಷೆ. ಹೊರಗಿನಿಂದ ಬಂದ ಮೇಡಮ್ ಒಬ್ಬರು ಎಲ್ಲರೆದುರು ಪ್ರಶ್ನೆ ಕೇಳುತ್ತಾರೆ, ತಡವರಿಸಿದರೆ ಪದವಿಯಿಲ್ಲ.

“ಬೋರ್ಡಿನ ಮ್ಯಾಲ ಬರದ್ರ ತಿಳಿಯಂಗಿಲ್ಲ ಆಯಿ. ಆ ಆರೂ ತ್ರಿಕೋನ ಬಟ್ಟಿಲೇ ಹೊಲದು ಕೊಡು,” ಎಂದು ಮೂಲೆಗಳಿಗೆ ಗುರುತು ಹಾಕಿಕೊಟ್ಟು ಓದಲು ಕೂತಳು.

ಆರು ಬಣ್ಣದ ಆರು ತುಂಡನ್ನು ಅವಳ ಗುರುತಿನಂತೆ ಮೂಲೆಗೆ ಮೂಲೆ ಸೇರಿಸಿದೆ. ವಿಚಿತ್ರ ಸಾಮಾನು. ನೆಲಕ್ಕೆ ಹಾಸಿದರೆ ಸಪಾಟಾಗಿ ಕೂರದು, ಎಲ್ಲಾದರೂ ಒಂದು ತುಂಡು ಇನ್ನೊಂದರ ಮೇಲೆ ಏರಿಯೇ ಏರುತ್ತದೆ. ನಡುವೆ ಕೈ ತೂರುವಂಥ ಸಂದುಗಳು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಡುತ್ತೇವೆ. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು. ಇದು ನೋಡಿದರೆ ನಾಲ್ಕು ಬಾಯಿ ತೆರೆದು ಕೂತಿತ್ತು. ಹಳೆಯ ಇಳಕಲ್ ಸೀರೆ ಹರಿದು ನಾಲ್ಕಕ್ಕೂ ತೇಪೆ ಹಾಕಿದೆ. ಒಂದು ತೂತೂ ಉಳಿಯಲಿಲ್ಲ. ನನ್ನ ಕೈಗೆ ನಾನೇ ಮೆಚ್ಚಿದೆ.

ಬೆಳಿಗ್ಗೆ ಬಸ್ಸು ಹತ್ತಿ ಕೂತ ಮೇಲೆ ಪವಿತ್ರಾ ಚೀಲ ಬಿಚ್ಚಿ ನೋಡಿದಳು. ಮುಖ ಸುಣ್ಣವಾಯಿತು.

“ಆಯಿ, ತೂತು ಎಲ್ಲೆದಾವ?”

“ಮುಚ್ಚೇನಿ.”

“ಯಾಕ ಮುಚ್ಚಿದಿ ಬೇ?”

“ತೂತು ಬಿಟ್ಟು ಕೊಟ್ರ ಮಂದಿ ನಿನಗ ನಗಂಗಿಲ್ಲ, ಹೊಲದಾಕಿಗೆ ನಗ್ತಾರ.”

“ಆ ತೂತಿನ ಮ್ಯಾಲನ ನನ್ನ ಆರು ವರ್ಷ ನಿಂತೈತಿ, ಯವ್ವಾ!”

ಅಳುವ ಹಾಗಿದ್ದಳು. ನಾನು ಸಮಾಧಾನ ಹೇಳುವವಳಲ್ಲ. ಸೂಜಿ ತೆಗೆದು ಬಿಚ್ಚತೊಡಗಿದೆ. ಸಾರವಾಡದ ಹೊತ್ತಿಗೆ ಒಂದು ತೇಪೆ ಬಿಟ್ಟಿತು. ಬಸ್ಸು ಕುಲುಕಿದಂತೆಲ್ಲ ಸೂಜಿ ಬಟ್ಟೆಗಿಂತ ಹೆಚ್ಚು ನನ್ನ ಬೆರಳಿಗೇ ಹೋಯಿತು. ಹಿಂದಿನ ಸೀಟಿನವಳೊಬ್ಬಳು, “ಇಷ್ಟ ಅವಸರ ಇದ್ರ ಮನ್ಯಾಗ ಹೊಲೀಬೇಕಿಲ್ರಿ?” ಎಂದಳು. “ಹೊಲಿಯಾಕತ್ತಿಲ್ಲವಾ, ಹರಿಯಾಕತ್ತೇನಿ,” ಎಂದೆ. ವಿಜಯಪುರ ಮುಟ್ಟುವಾಗ ಮೂರು ತೂತು ತೆರೆದಿದ್ದವು. ನಾಲ್ಕನೆಯದರ ಒಂದು ಅಂಚಷ್ಟೇ ಎದ್ದಿತ್ತು. ಅಷ್ಟು ಬಿಗಿಯಾಗಿ ಹೊಲಿದ ನನ್ನ ಕೈಗೆ ನಾನೇ ಬೈದುಕೊಂಡೆ.

ಪರೀಕ್ಷೆಯ ಕೋಣೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಮೇಡಮ್ ಬಟ್ಟೆಯನ್ನು ಎತ್ತಿ, ತಿರುಗಿಸಿ, ಒಂದೊಂದೇ ತೂತಿನಲ್ಲಿ ಬೆರಳು ತೂರಿಸಿ ಎಣಿಸಿದರು.

“ನಾಲ್ಕು ಅಂತ ಬರೆದಿದ್ದೀರಿ. ಇಲ್ಲಿ ಮೂರೇ ಇವೆ.”

ಪವಿತ್ರಾ ನನ್ನ ಕಡೆ ಕೈ ತೋರಿಸಿದಳು. ಆಮೇಲೆ ಅಂದಳು: “ನಮ್ಮ ಆಯಿ ನಾಲ್ಕೂ ಮುಚ್ಚಿದ್ಲು ಮೇಡಮ್. ಕೌದಿ ಹೊಲಿಯಾಕಿ, ತೂತು ಕಂಡ್ರ ಬಿಡಂಗಿಲ್ಲ. ಬಸ್ಸಿನ್ಯಾಗ ಮೂರು ಬಿಚ್ಚ್ಯಾಳ್ರಿ. ಒಂದೊಂದು ತೇಪಿಗೆ ಒಂದೊಂದು ತೂತು ಹೋಗ್ತದ, ನಾಲ್ಕು ಹಾಕಿದ್ರ ಒಂದೂ ಉಳಿಯಂಗಿಲ್ಲ. ನಾಲ್ಕ ಅದಾವು ಅಂತ ನಾ ಪುಟಗಟ್ಟಲೆ ಬರದೀನಿ. ಆಕಿ ಸೂಜಿಲೇ ಎಣಿಸ್ಯಾಳ್ರಿ.”

ಮೇಡಮ್ ನಕ್ಕರು. ಅವರು ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂತು. ಮುಂದಿನ ಪ್ರಶ್ನೆಗಳು ನನಗೆ ತಿಳಿಯಲಿಲ್ಲ. ಹುಡುಗಿ ಮಾತ್ರ ಎಲ್ಲೂ ತಡವರಿಸಲಿಲ್ಲ. ಪದವಿ ಸಿಕ್ಕಿತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ, ಚುಚ್ಚಿಸಿಕೊಂಡ ಬೆರಳು ಉರಿದವು.

ಹೊರಗೆ ಬಂದು, “ಕೊಡಿಲ್ಲಿ, ಉಳದದ್ದೂ ಬಿಚ್ಚತೀನಿ,” ಎಂದೆ.

“ಬ್ಯಾಡ ಆಯಿ, ಅದು ಹಂಗ ಇರ್ಲಿ.”

ಇರಲಿ ಎಂದ ಮೇಲೆ ಅಂಚು ಎದ್ದಿರಬಾರದು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಸೂಜಿಗೆ ದಾರ ಪೋಣಿಸಿಕೊಡು ಎಂದು ಡಾಕ್ಟರ್ ಪವಿತ್ರಾಳ ಕೈಗೆ ಕೊಟ್ಟೆ.