ಅಜ್ಜಯ್ಯನ ಮಚ್ವೆ, ಷಡ್ಡಕನ ಕಥೆ

ಕಾರಿನ ಮೇಲೆ ಹಲಗೆ ಕಟ್ಟಿದ್ದ ಹಗ್ಗ ಸಾಲಿಗ್ರಾಮದ ಹತ್ತಿರ ಸಡಿಲವಾಗಬಹುದಿತ್ತು. ಹಲಗೆ ಜಾರಿ ಹಿಂದಿನ ಬೈಕಿನವನ ಮೇಲೆ ಬೀಳಬಹುದಿತ್ತು. ಪೊಲೀಸರು ನಿಲ್ಲಿಸಿ ಇದೆಂತ ಎಂದು ಕೇಳಿ, ಷಡ್ಡಕ ಅವರಿಗೂ ಕಥೆ ಶುರು ಮಾಡಿ ಮಧ್ಯಾಹ್ನವಾಗಬಹುದಿತ್ತು. ಬ್ರಹ್ಮಾವರ ತಲುಪುವಾಗ ಅಲ್ಲಿರುವ ಹೆಂಡತಿಯ ಚಿಕ್ಕಜ್ಜಿಗೆ ಜ್ವರ ಬಂದಿರಬಹುದಿತ್ತು, ಎಲ್ಲ ಮರೆತುಹೋಗಿರಬಹುದಿತ್ತು. ಇನ್ನೂ ಕೆಟ್ಟದ್ದೆಂದರೆ, ಎಲ್ಲ ನೆನಪಿದ್ದು ನನ್ನ ಅಜ್ಜಯ್ಯನೊಬ್ಬರನ್ನೇ ಮರೆತಿರಬಹುದಿತ್ತು.

ಹಲಗೆ ಒಂದು ಮಚ್ವೆಯದ್ದು. ಮುಂಬಯಿಯ ಸ್ಟೀಮರ್ ಕುಂದಾಪುರದ ಅಳಿವೆಯೊಳಗೆ ಬರಲಾರದೆ ದೂರದಲ್ಲೇ ಲಂಗರು ಹಾಕುತ್ತಿದ್ದ ಕಾಲದಲ್ಲಿ, ಜನರನ್ನೂ ಟ್ರಂಕುಗಳನ್ನೂ ಇಳಿಸಿಕೊಂಡು ದಡಕ್ಕೆ ತರುತ್ತಿದ್ದ ದೊಡ್ಡ ದೋಣಿ ಅದು. ಮಳೆಗಾಲದಲ್ಲಿ ಸ್ಟೀಮರಿಲ್ಲ, ಮಚ್ವೆ ಮರಳಿನ ಮೇಲೆ ತೆಂಗಿನ ಮಡಲು ಹೊದ್ದು ಮಲಗುತ್ತಿತ್ತಂತೆ. ಬಸ್ಸುಗಳು ಹೆಚ್ಚಾಗಿ ಸ್ಟೀಮರ್ ನಿಂತ ಮೇಲೆ ಅದನ್ನು ಒಡೆದು ಹಲಗೆಗಳನ್ನು ಯಾರ್ಯಾರೋ ಕೊಟ್ಟಿಗೆಗೆ ಹಾಕಿಕೊಂಡರು. ಅದರಲ್ಲಿ ಹುಟ್ಟು ಹಾಕುತ್ತಿದ್ದವರು ನನ್ನ ಅಜ್ಜಯ್ಯ. ನಾನು ಹುಟ್ಟುವ ಮೊದಲೇ ತೀರಿಕೊಂಡರು. ಒಂದು ಫೋಟೋ ಸಹ ಇಲ್ಲ.

ನಾಚಿಕೆಯ ಸಂಗತಿಯೆಂದರೆ, ಅಜ್ಜಯ್ಯ ಹುಟ್ಟು ಹಾಕುತ್ತಿದ್ದರು ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ತಿಳಿದದ್ದು ಷಡ್ಡಕನಿಂದ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನಿಂದ. ಬೈಂದೂರಿನ ಹತ್ತಿರ ಯಡ್ತರೆಯವರು. ಮುರಿಯುತ್ತಿದ್ದ ಕೊಟ್ಟಿಗೆಯೊಂದರಲ್ಲಿ ಆ ಹಲಗೆಯನ್ನು ಗುರುತಿಸಿ ತಂದು, ತಮ್ಮ ಹೋಟೆಲಿನ ಗೋಡೆಗೆ ನಿಲ್ಲಿಸಿಕೊಂಡವರು. ಮದುವೆಯ ಊಟದಲ್ಲಿ ಅವರು ಮಚ್ವೆಯ ಕಥೆ ಹೇಳಿದರೆ ಕೇಳುವವರು ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅದನ್ನೇ ನಾನು ಹೇಳಿದರೆ ಸಾರು ಎಲ್ಲಿಗೆ ಬಂತೆಂದು ನೋಡುತ್ತಾರೆ. ಅಜ್ಜಯ್ಯ ನನ್ನವರು, ತೆರೆಗಳೆಲ್ಲ ಷಡ್ಡಕನವು.

"ನಿಮ್ಗೆ ಹೇಳುಕೂ ಬತ್ತಿಲ್ಲ, ಹೇಳುವರನ್ನ್ ಕಂಡ್ರೂ ಆತಿಲ್ಲ" ಎನ್ನುತ್ತಾಳೆ ಹೆಂಡತಿ.

ಅವಳ ಚಿಕ್ಕಜ್ಜಿ ಸಣ್ಣವಳಿದ್ದಾಗ ಆ ಮಚ್ವೆಯಲ್ಲೇ ಇಳಿದವರು ಎಂದು ಈಚೆಗೆ ಗೊತ್ತಾಯಿತು. ಅಜ್ಜಯ್ಯನನ್ನು ಕಂಡವರಲ್ಲಿ ಉಳಿದಿರುವುದು ಅವರೊಬ್ಬರೇ. ಯಾರಿಗೂ ಹೇಳದೆ ಬಸ್ಸಿನಲ್ಲಿ ಹೋಗಿ ಕೇಳಿಬರುವುದೆಂದಿದ್ದೆ. ಹೆಂಡತಿ ತಂಗಿಗೆ ಹೇಳಿದಳು. ಮರುದಿನ ಬೆಳಿಗ್ಗೆ ಬೀಜಾಡಿಯ ನಮ್ಮ ಮನೆಯೆದುರು ಕಾರು, ಕಾರಿನ ಮೇಲೆ ಹಲಗೆ, ಒಳಗೆ ಷಡ್ಡಕ.

"ಹ್ವಾಯ್, ಬನಿ ಬನಿ. ಹಲ್ಗಿ ಮುಟ್ರೆ ಅಜ್ಜಿಗೆ ನೆನಪ್ ಬತ್ತ್."

"ಹಗ್ಗ ಗಟ್ಟಿ ಇತ್ತಾ?"

"ನಿಮ್ ಹೆದ್ರಿಕೆಗಿಂತ ಗಟ್ಟಿ ಇತ್ತ್ ಮಾರಾಯ್ರೆ."

ಹೆಂಡತಿಯೂ ಹತ್ತಿದಳು. ಹಗ್ಗ ಸಡಿಲವಾಗಲಿಲ್ಲ, ಪೊಲೀಸರು ತಿರುಗಿಯೂ ನೋಡಲಿಲ್ಲ. ಚಿಕ್ಕಜ್ಜಿ ಮಿಂದು, ಸೀರೆ ಬದಲಿಸಿ ಕಾಯುತ್ತಿದ್ದರು. ಕಣ್ಣು ಪೂರ್ತಿ ಮಂಜು. ಅವರಿಗೆ ಎಡಗಿವಿಯೇ ಚೆನ್ನಾಗಿ ಕೇಳುವುದೆಂದು ವಿಚಾರಿಸಿಕೊಂಡೇ ಬಂದಿದ್ದ ನಾನು ಎಡಗಡೆಯ ಕುರ್ಚಿ ಹಿಡಿದೆ. ಷಡ್ಡಕನಿಗೆ ಬಲಗಡೆಯದ್ದು ಉಳಿಯಿತು. ಹಲಗೆಯನ್ನು ತೊಡೆಯ ಮೇಲಿಟ್ಟರೆ ಅಜ್ಜಿ ಒಮ್ಮೆ ಸವರಿ ಕೈ ಹಿಂದೆಗೆದರು.

"ಹಲ್ಗಿ ಯಾರಿಗ್ ನೆನಪಿರತ್ತ್? ಹುಟ್ಟ್ ಹಾಕುವನ ಮೊಮ್ಮಗ ಬಪ್ದ್ ಅಂದಿದ್ರಿ?"

"ಇಲ್ಲೇ ಕೂತಿದ್ರ್ ಅಜ್ಜಿ" ಎಂದಳು ಹೆಂಡತಿ.

ಅಜ್ಜಿ ಕೈ ಚಾಚಿದರು. ಬಲಗಡೆಗೆ. ಷಡ್ಡಕನ ಕೈ ಸಿಕ್ಕಿತು.

"ಮಚ್ವೆ ದಡ ಮುಟ್ತಿರ್ಲಿಲ್ಲ ಮಗಾ. ಸೊಂಟದ್ ನೀರಲ್ ನಿಲ್ತಿತ್ತ್. ನಿನ್ನ ಅಜ್ಜಯ್ಯ ನನ್ನ ಹೆಗ್ಲ್ ಮೇಲ್ ಕೂರ್ಸ್ಕಂಡ್ ತಂದ. ನಾ ಕೂಗ್ತಿದ್ದೆ. 'ಹೆದ್ರಬೇಡ ಹೆಣೆ, ನಂಗೂ ಹೆದ್ರಿಕೆಯೇ' ಅಂದ. ಲಂಗದ್ ಅಂಚ್ ಸೈತ ಒದ್ದೆ ಆಯ್ಲ."

ಷಡ್ಡಕ ನನ್ನ ಮುಖ ನೋಡಿದರು, ಕೈ ಬಿಡಿಸಿಕೊಳ್ಳಲು ಹೊರಟರು. ಬೇಡ ಎಂದು ಕಣ್ಣಲ್ಲೇ ಹೇಳಿದೆ. ಅಜ್ಜಿ ಅಲ್ಲಿಗೇ ನಿಲ್ಲಿಸಿಬಿಟ್ಟರೆ?

ನಿಲ್ಲಿಸಲಿಲ್ಲ. ಷಡ್ಡಕನ ಅಂಗೈಯನ್ನು ಹೆಬ್ಬೆರಳಿನಲ್ಲಿ ನಿಧಾನ ಒತ್ತುತ್ತ ಹೇಳಿದರು: "ಹೌದ್, ಅದೇ ಕೈ."