ಜೂನ್ ಒಂದರ ಮಕ್ಕಳು

2006ರ ಜೂನ್ ಒಂದು, ಗುರುವಾರ, ಗೋಕಾಕ ಫಾಲ್ಸಿನ ಸುಶೀಲಾ ಬಸ್ಸು ಹತ್ತಿ ಗೋಕಾಕಕ್ಕೆ ಬಂದು, ಅಂಚೆ ಕಚೇರಿಯ ಹಿಂದಿನ ಇಂಟರ್‌ನೆಟ್ ಅಂಗಡಿಯಲ್ಲಿ, ಒಂದು ಪರದೇಶದ ವಲಸೆ ಇಲಾಖೆಯ ಜಾಲತಾಣದಲ್ಲಿ ತನ್ನ ಹೆಸರಿನ ಖಾತೆ ತೆರೆದಳು. ಕೀಲಿಮಣೆಯ ಮೇಲೆ ಬೆರಳು ಆಡಿಸಿದವನು ನಾನು. ಶಾಲೆಯ ದಾಖಲೆಯ ಪ್ರಕಾರ ಆ ದಿನ ನನಗೆ ಐವತ್ತು ತುಂಬಿತು. ಸುಶೀಲಾಳಿಗೆ ಮೂವತ್ತೆರಡು ತುಂಬಿತು. ಅವಳ ಇಬ್ಬರು ಹೆಣ್ಣುಮಕ್ಕಳಿಗೂ ಹನ್ನೊಂದು ತುಂಬಿತು. ಅಂಗಡಿಯವನಿಗೂ ಎಷ್ಟೋ ತುಂಬಿತು; ಅವನೂ ಜೂನ್ ಒಂದರವನೇ. ಯಾರೂ ಯಾರಿಗೂ ಶುಭಾಶಯ ಹೇಳಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಶಾಲೆ ಶುರುವಾಗುವುದು ಜೂನ್ ಒಂದಕ್ಕೆ. ಅಂದು ಮಗುವನ್ನು ಎಳೆದುಕೊಂಡು ಹೋದರೆ ಹೆಡ್‌ಮಾಸ್ತರರು ಹುಟ್ಟಿದ ದಿನ ಕೇಳುತ್ತಾರೆ. ತಾಯಿ “ಕಾರ ಹುಣ್ಣಿಮಿ ಆಗಿ ನಾಕ ದಿನಕ್ಕ” ಎನ್ನುತ್ತಾಳೆ, ತಂದೆ “ಶೇಂಗಾ ಕೀಳೂ ಮುಂದ” ಎನ್ನುತ್ತಾನೆ. ಮಾಸ್ತರರು ಇಬ್ಬರ ಮಾತನ್ನೂ ಗೌರವದಿಂದ ಕೇಳಿ, ಜೂನ್ ಒಂದು ಎಂದು ಬರೆಯುತ್ತಾರೆ. ಮೂವತ್ತು ವರ್ಷ ತಾಲೂಕು ವರದಿಗಾರನಾಗಿ ಕಂಡವರ ಹೆಸರು, ಹುದ್ದೆ, ವಯಸ್ಸನ್ನೆಲ್ಲ ಎರಡೆರಡು ಸಲ ತಾಳೆ ನೋಡಿದವನು ನಾನು. ನನ್ನ ಹುಟ್ಟಿದ ದಿನ ಮಾತ್ರ ಇವತ್ತಿಗೂ ಖಚಿತಪಡದ ಸುದ್ದಿ.

ಸುಶೀಲಾಳ ಗಂಡ ಬಸವರಾಜ ನಮ್ಮ ಬಾಜೂ ಮನೆಯವ, ನೂಲಿನ ಯಂತ್ರಗಳ ಫಿಟ್ಟರು. 2002ರಲ್ಲಿ ಆ ದೇಶದ ಗಿರಣಿಯೊಂದಕ್ಕೆ ಹೋದ. ನಾಲ್ಕು ವರ್ಷದ ಮೇಲೆ ಅಲ್ಲೇ ನೆಲೆಸಲು ಅನುಮತಿ ಸಿಕ್ಕಿತು. ಈಗ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕು. ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಅರ್ಜಿ ಅವರದು, ನನ್ನದಲ್ಲ.

ಖಾತೆ ತೆರೆದು ಅರ್ಜಿ ಕಳಿಸಿದ ಕ್ಷಣವನ್ನು ನಾನು ಮರೆತಿಲ್ಲ. ಪರದೆಯ ಮೇಲೆ ಒಂದೇ ಸಾಲು ಮೂಡಿತು: ನಿಮ್ಮ ಅರ್ಜಿ ತಲುಪಿದೆ. ತಾಲೂಕು ಕಚೇರಿಗೆ ಕೊಟ್ಟ ಅರ್ಜಿ ಪಕ್ಕದ ಮೇಜಿಗೆ ತಲುಪಿತೇ ಎಂದು ತಿಳಿಯಲು ವಾರಗಟ್ಟಲೆ ಕಟ್ಟೆಯ ಮೇಲೆ ಕೂತವನು ನಾನು. ಇಲ್ಲಿ ಸಮುದ್ರದಾಚೆಯ ಕಚೇರಿಯೊಂದು, ಕೇಳದೆಯೇ, ತಲುಪಿತು ಎಂದು ಹೇಳುತ್ತಿತ್ತು. ಸುಶೀಲಾ ಪರದೆಗೆ ಕೈ ಮುಗಿದಳು. ನನ್ನ ಕೈಗಳೂ ಅರ್ಧದವರೆಗೆ ಎದ್ದವು. ಅಂಗಡಿಯವನು ನೋಡುತ್ತಿದ್ದನೆಂದು ಕನ್ನಡಕ ಸರಿಮಾಡಿಕೊಂಡೆ.

ಗುಪ್ತಪದವನ್ನು ಯಾರಿಗೂ ಹೇಳಬಾರದು ಎಂದು ಆಕೆಗೆ ಮೂರು ಸಲ ಹೇಳಿದ್ದೆ. ಆಕೆ ಓಣಿಗೆಲ್ಲ ಹೇಳಿದಳು. ಒಳ್ಳೆಯ ಸುದ್ದಿಯನ್ನು ಮುಚ್ಚಿಟ್ಟರೆ ಕೆಡುತ್ತದೆ ಎಂಬುದು ಅವಳ ನಂಬಿಕೆ. ಸಂತೆಗೆ ಹೋದವರೆಲ್ಲ, ದವಾಖಾನೆಯಲ್ಲಿ ಮಲಗಿದವರನ್ನು ನೋಡಿ ಬರುವ ಹಾಗೆ, ಅಂಗಡಿಗೆ ಹೋಗಿ ಖಾತೆಯನ್ನು ನೋಡಿ ಬರತೊಡಗಿದರು. ಯಾರದೋ ಬೆರಳು ತಪ್ಪಿತು, ಮತ್ತೊಬ್ಬರದೂ ತಪ್ಪಿತು, ಖಾತೆಗೆ ಬೀಗ ಬಿತ್ತು.

“ಯಾರ್ ನೋಡಾಕ ಹೋಗಿದ್ರವಾ?” ಎಂದು ಕೇಳಿದೆ.

“ಯಾರ್ ಹೋಗಿಲ್ಲ ಕೇಳ್ರಿ,” ಎಂದಳು ಸುಶೀಲಾ. “ನಮ್ಮ ಅತ್ತಿ ಬರೇ ದೂರಿಂದ ನೋಡಿ ಬಂದಾಳ.”

ಬೀಗ ತೆಗೆಯಲು ಯಂತ್ರ ಕೇಳಿದ್ದು, ನಿಮಗೆ ಮಾತ್ರ ಗೊತ್ತಿರುವ ನಿಮ್ಮ ಜನ್ಮದಿನಾಂಕ. ನಾನು ಜೂನ್ ಒಂದು ಎಂದು ಒತ್ತಿದೆ, ಬಾಗಿಲು ತೆರೆಯಿತು. ಓಣಿಯ ಯಾರು ಒತ್ತಿದ್ದರೂ ತೆರೆಯುತ್ತಿತ್ತು, ವರ್ಷವನ್ನಷ್ಟೇ ಊಹಿಸಬೇಕು. ಹುಟ್ಟಿದ ದಿನ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವ ಗುರುತು ಎಂದು ಯಂತ್ರ ನಂಬಿತ್ತು. ನಮ್ಮಲ್ಲಿ ಅದು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ದಿನ. ನಮ್ಮ ಸುತ್ತಿನ ಹಳೆಯ ಕಲ್ಲುಗಳನ್ನೂ ನಾನು ಸುದ್ದಿಗಾಗಿ ಓದಿಸಿದ್ದುಂಟು. ಭೂಮಿ ದಾನ ಕೊಟ್ಟ ದಿನಕ್ಕೆ ತಿಥಿ, ವಾರ, ಸಂಕ್ರಮಣ ಎಲ್ಲ ಕೆತ್ತಿದ್ದಾರೆ. ಬಸದಿಯ ಬಳಿ ತೀರಿಕೊಂಡ ಜೈನರ ನೆನಪಿಗೆ ನಿಲ್ಲಿಸಿದ ನಿಷಿಧಿ ಕಲ್ಲುಗಳಲ್ಲಿ ಸತ್ತ ದಿನವೂ ಇದೆ. ಇಂಥವನು ಇಂಥ ದಿನ ಹುಟ್ಟಿದ ಎಂದು ಹೇಳುವ ಕಲ್ಲನ್ನು ನಾನಂತೂ ಕಂಡಿಲ್ಲ.

ಆಗಸ್ಟಿನಲ್ಲಿ ಖಾತೆಯ ಸಾಲು ಬದಲಾಯಿತು: ಪತ್ರ ಕಳಿಸಲಾಗಿದೆ. ಪತ್ರ ಬಂತು, ಸೌಜನ್ಯದಿಂದಲೇ ಇತ್ತು. ಅರ್ಜಿಯ ಪ್ರಕಾರ ರೇಣುಕಾ, ಗೀತಾ ಇಬ್ಬರೂ 1995ರ ಜೂನ್ ಒಂದರಂದು ಹುಟ್ಟಿದ್ದಾರೆ. ಆದರೆ ತಂದೆ 2002ರಲ್ಲಿ ಹಿರಿಯಳಿಗೆ ಏಳು ವರ್ಷ, ಕಿರಿಯಳಿಗೆ ಆರು ಎಂದು ಬರೆದುಕೊಟ್ಟಿದ್ದಾರೆ. ಇಬ್ಬರೂ ಒಂದೇ ತಾಯಿಯ ಮಕ್ಕಳೇ? ಜನನದ ಸಮಯದಲ್ಲೇ ಬರೆದ ಯಾವುದಾದರೂ ದಾಖಲೆಯ ಮೂಲಪ್ರತಿ ಕಳಿಸಿ. ಅಲ್ಲಿಯವರೆಗೆ ಗೀತಾಳ ಅರ್ಜಿಯನ್ನು ತಡೆಹಿಡಿಯಲಾಗಿದೆ. ತಾಯಿ ಮತ್ತು ಹಿರಿಯ ಮಗಳು ಮುಂದುವರಿಯಬಹುದು.

ನಾನು ಓದಿ ಹೇಳಿದ್ದನ್ನು ಸುಶೀಲಾ ನಿಂತೇ ಕೇಳಿದಳು.

“ಗೀತಾನ್ನ ಬಿಟ್ಟ ಬಾ ಅಂತಾರೇನ್ರಿ?”

“ಬಿಟ್ಟ ಬಾ ಅಂದಿಲ್ಲ. ಕಾಗದಾ ಬರೂತನಕ ತಡಿ ಅಂದಾರ.”

“ಇಬ್ಬರೂ ಹೋಗೂದಿಲ್ಲಂದ್ರ ನಾನೂ ಹೋಗೂದಿಲ್ಲ. ಹಂಗಂತ ಬರೀರಿ.”

ಗೀತಾ ಬಾಗಿಲಲ್ಲಿ ಇದ್ದಳು. “ನಾವೇನ್ ಅವಳಿ ಅಲ್ಲ ಕಾಕಾ,” ಎಂದಳು. “ಅವಳಿ ಇದ್ರ ಆಕಿ ಹಿಂಗ ಹೊಡೀತಿದ್ಲೇನು?” ಸಾಕ್ಷ್ಯ ಬಲವಾಗಿತ್ತು, ಆದರೆ ಮೂಲಪ್ರತಿ ಕಳಿಸುವಂತಿರಲಿಲ್ಲ.

ಒಂದೇ ದಿನ ಏಕೆ ಬಂತು ಎಂಬುದು ಸುಶೀಲಾಳಿಗೆ ಚೆನ್ನಾಗಿ ನೆನಪಿತ್ತು. ಶಾಲೆಗೆ ತೂಗುಸೇತುವೆ ದಾಟಿ ಹೋಗಬೇಕು. ಮಳೆಗಾಲದಲ್ಲಿ ಕೆಳಗೆ ನೀರು ಅಬ್ಬರಿಸುವಾಗ ಹುಡುಗಿ ಒಬ್ಬಳೇ ದಾಟಬಾರದು. ಅದಕ್ಕೆ ಹಿರಿಯಳನ್ನು ಒಂದು ವರ್ಷ ತಡೆದು, ಕಿರಿಯಳನ್ನು ಒಂದಿಷ್ಟು ಮುಂದೆ ತಳ್ಳಿ, ಕೈಕೈ ಹಿಡಿಸಿ ಒಂದೇ ವರ್ಗಕ್ಕೆ ಕಳಿಸಿದಳು. ಹಾಗೆ ಜೋಡಿ ಮಾಡಿ ಕಳಿಸುವುದು ನಮ್ಮ ಓಣಿಯ ರೂಢಿ. “ಒಂದ ವರ್ಗದಾಗ ಕುಂಡ್ರಸಬೇಕಂದ್ರ ಒಂದ ತಾರೀಖು ಇರ್ಲಿ ಬಿಡವಾ,” ಅಂದಿದ್ದರು ಮಾಸ್ತರರು. ಮುಂದೆ ನಿಜವಾದ ದಿನಗಳು ತಿಳಿದಾಗ ಲೆಕ್ಕ ಹಾಕಿ ನೋಡಿದೆ: ಅಕ್ಕನಿಂದ ಆರೂವರೆ ತಿಂಗಳು ಕಿತ್ತು, ತಂಗಿಗೆ ಆರೂವರೆ ತಿಂಗಳು ಕೊಟ್ಟಿದ್ದರು. ಇಷ್ಟು ಸರಿಯಾದ ಪಾಲು ಮಾಡಿದ ಪಂಚರ ಬಗ್ಗೆ ನಾನು ಎಂದೂ ವರದಿ ಮಾಡಿಲ್ಲ.

ಎರಡೂ ಹೆರಿಗೆ ಸುಶೀಲಾಳ ತವರಾದ ಬೆಲ್ಲದ ಬಾಗೇವಾಡಿಯಲ್ಲಿ, ಮನೆಯಲ್ಲೇ ಆಗಿದ್ದವು. ಸೂಲಗಿತ್ತಿ ತೀರಿಹೋಗಿದ್ದಳು. ಯಾರೂ ಎಲ್ಲೂ ಬರೆಸಿರಲಿಲ್ಲ. ಆದರೂ ಗೀತಾಳನ್ನೂ ಕರೆದುಕೊಂಡು ಸುಶೀಲಾ, ನಾನು ಹೋದೆವು. ಪಕ್ಕದ ಮನೆಯ ಚಂಪಾಬಾಯಿ ಜೈನರ ಹಿರಿಯ ಹೆಂಗಸು, ನಮ್ಮೊಡನೆ ಕನ್ನಡ, ಅಡುಗೆಮನೆಯೊಡನೆ ಮರಾಠಿ. ಕತೆಯನ್ನೆಲ್ಲ ಕೇಳಿ, “ಬರದಿದ್ದು ಬೇಕೇನ್ರಿ? ನಾ ಬರದೇನಲ್ಲ,” ಎಂದಳು.

ಆಕೆಯ ಗೋಡೆಯ ಮೇಲೆ ಮರಾಠಿ ಕ್ಯಾಲೆಂಡರು ತೂಗುತ್ತಿತ್ತು. ಪ್ರತಿ ದಿನದ ಚೌಕದಲ್ಲಿ ಅಂದು ತನಗೂ ಪಕ್ಕದ ಮನೆಗೂ ತಂದ ಹಾಲು, ಬಂದ ಬೀಗರು, ಕರು ಹಾಕಿದ ಎಮ್ಮೆ. ತಿಂಗಳು ಮುಗಿದರೆ ಹಾಳೆಯನ್ನು ಎಸೆಯುತ್ತಿರಲಿಲ್ಲ. ಡಬ್ಬಿಗಳ ತಳಕ್ಕೆ ಹಾಸುತ್ತಿದ್ದಳು. ಒಂದೊಂದೇ ಡಬ್ಬಿ ಬರಿದು ಮಾಡಿದೆವು. ಬೆಲ್ಲದ ಡಬ್ಬಿಯ ಕೆಳಗೆ 1994ರ ನವೆಂಬರ್ ಸಿಕ್ಕಿತು. ಹದಿನೇಳರ ಚೌಕದಲ್ಲಿ ಸಣ್ಣ ಮರಾಠಿ ಅಕ್ಷರ: ಸುಶೀಲಾಗೆ ಹೆಣ್ಣು. ಹಾಲು ಅರ್ಧ ಲೀಟರ್ ಜಾಸ್ತಿ.

ಗೀತಾಳ ತಿಂಗಳು ಸಿಗಲಿಲ್ಲ. ಬೇಕಾಗಿದ್ದುದು ಅದೇ. ಸುಶೀಲಾ ಖಾಲಿ ಡಬ್ಬಿಗಳನ್ನು ಮತ್ತೊಮ್ಮೆ ಒಂದೊಂದಾಗಿ ಬಗ್ಗಿಸಿ ನೋಡಿದಳು. ಚಂಪಾಬಾಯಿ ಬಹಳ ಹೊತ್ತು ಬೆರಳು ಮಡಚಿ ಯೋಚಿಸಿ, “ಹಪ್ಪಳದ ಡಬ್ಬಿ ಮೂಡಲಗಿಗೆ ಹೋಗೇತಿ,” ಎಂದಳು. ಅಲ್ಲಿ ಆಕೆಯ ಮಗಳ ಮನೆ.

ಮರುದಿನ ಗೀತಾಳೂ ಸೇರಿ ನಾವು ನಾಲ್ವರು ಮೂಡಲಗಿಯ ಬಸ್ಸು ಹತ್ತಿದೆವು. ಮಗಳು ಡಬ್ಬಿ ತಂದಳು, ಹಪ್ಪಳ ತೆಗೆದಳು, ತಳಕ್ಕೆ ಅಂಟಿದ್ದ ಹಾಳೆಯನ್ನು ಚಂಪಾಬಾಯಿ ಉಗುರಿನಿಂದ ಬಿಡಿಸಿದಳು. 1995ರ ಡಿಸೆಂಬರ್. ಎಣ್ಣೆ ಕುಡಿದು ಹಾಳೆ ಗಾಜಿನಂತಾಗಿತ್ತು. ಕಿಟಕಿಗೆ ಹಿಡಿದಾಗ ಇಪ್ಪತ್ತರ ಚೌಕದಲ್ಲಿ ಅಕ್ಷರಗಳು ಬೆಳಕಿನಲ್ಲಿ ನಿಂತವು: ಸುಶೀಲಾಗೆ ಮತ್ತೆ ಹೆಣ್ಣು. ಹಾಲು ಅರ್ಧ ಲೀಟರ್ ಜಾಸ್ತಿ.

ಸುದ್ದಿಮನೆಯಲ್ಲಿ ನಮಗೆ ಕಲಿಸಿದ್ದು ಇಷ್ಟೇ: ನಡೆದ ದಿನವೇ ಬರಿ, ಸೇರಿಸಬೇಡ, ಬಿಡಬೇಡ. ಅದನ್ನು ನನಗಿಂತ ಚೆನ್ನಾಗಿ ಪಾಲಿಸಿದವಳ ಎದುರು ಅಂದು ನಿಂತಿದ್ದೆ. ಆಕೆಯ ಪತ್ರಿಕೆಗೆ ಓದುಗರಿರಲಿಲ್ಲ, ಬರಿ ಹಪ್ಪಳ ಇದ್ದವು. ಗೀತಾ ಅಕ್ಷರಗಳ ಮೇಲೆ ಬೆರಳಿಡಲು ಹೋಗಿ, ಹಿಂದೆಗೆದುಕೊಂಡಳು. ತನ್ನ ಹುಟ್ಟಿದ ದಿನವನ್ನು ಆಕೆ ಮೊದಲ ಸಲ ನೋಡುತ್ತಿದ್ದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಹುಕ್ಕೇರಿಯಲ್ಲಿ ನೋಟರಿಯವರ ಮುಂದೆ ಚಂಪಾಬಾಯಿ ಪ್ರಮಾಣಪತ್ರ ಮಾಡಿಕೊಟ್ಟಳು. “ಇದು ನಿಮ್ಮದೇ ಅಕ್ಷರ ಅನ್ನಾಕ ಏನ್ ಪುರಾವೆ?” ಎಂದು ಅವರು ಕೇಳಿದರು. “ಹನ್ನೆರಡು ವರ್ಷದ ಹಾಲು ಐತ್ರಿ, ಎಲ್ಲಾ ಹಾಳಿ ತರಲೇನು?” ಎಂದಳು. ಅವರು ಬೇಡವೆಂದು ಮುದ್ರೆ ಒತ್ತಿದರು. ತೂಗುಸೇತುವೆಯ ವಿಷಯವನ್ನು ನಾನು ಒಂದು ಪುಟದಲ್ಲಿ ಬರೆದೆ. ಯಾರು, ಎಲ್ಲಿ, ಯಾವಾಗ, ಏಕೆ. ವಿಶೇಷಣ ಒಂದನ್ನೂ ಹಾಕಲಿಲ್ಲ. ಅಕ್ಟೋಬರಿನಲ್ಲಿ ಎಲ್ಲವನ್ನೂ ಕಳಿಸಿದೆವು.

ಐದು ತಿಂಗಳು ಖಾತೆಯ ಸಾಲು ಕದಲಲಿಲ್ಲ: ಪರಿಶೀಲನೆಯಲ್ಲಿದೆ. ಓಣಿಯವರು ನೋಡಿ ಬರುವುದನ್ನು ಬಿಡಲಿಲ್ಲ. ಈಗ ಯಾರ ಬೆರಳೂ ತಪ್ಪುತ್ತಿರಲಿಲ್ಲ. 2007ರ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಸುಶೀಲಾಳ ಅತ್ತೆಯೇ ಅಂಗಡಿಯಿಂದ ಫೋನ್ ಮಾಡಿದಳು. “ಪೇಪರಿನವರ, ಇಲ್ಲಿ ಸಾಲು ಬ್ಯಾರೆ ಆಗೇತಿ. ನೀವ ಬಂದ ಓದ್ರಿ, ನನಗ ಧೈರ್ಯ ಇಲ್ಲ.” ಸಿಕ್ಕ ಬಸ್ಸು ಹತ್ತಿ ಹೋಗಿ ಓದಿದೆ. ಮೂವರ ಹೆಸರೂ ಇದ್ದವು. ಮೂವರ ಮುಂದೆಯೂ, ಮಂಜೂರಾಗಿದೆ. ಜನ್ಮದಿನಾಂಕವನ್ನು ರೇಣುಕಾಳ ಹೆಸರಿನ ಕೆಳಗೆ 17 ನವೆಂಬರ್ 1994, ಗೀತಾಳ ಹೆಸರಿನ ಕೆಳಗೆ 20 ಡಿಸೆಂಬರ್ 1995 ಎಂದು ತಿದ್ದಿದ್ದರು. ಸಮುದ್ರದಾಚೆ ಯಾರೋ ಒಬ್ಬ ಅಧಿಕಾರಿ, ನಾನು ಎಂದೂ ಕಾಣದ ಮನುಷ್ಯ, ಬಾಗೇವಾಡಿಯ ಹಾಲಿನ ಬರಹವನ್ನು ಯಾರಿಂದಲೋ ಓದಿಸಿ, ನಂಬಿದ್ದ. ಆ ಪರದೆಯ ಮುಂದೆ ನಾನು ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಅಂಗಡಿಯವನು ಅರ್ಧ ಗಂಟೆಯ ಹಣ ತೆಗೆದುಕೊಳ್ಳಲಿಲ್ಲ.

ಹಾಳೆಗಳು ಪ್ಲಾಸ್ಟಿಕ್ ಲಕೋಟೆಯಲ್ಲಿ ವಾಪಸು ಬಂದವು. ಚಂಪಾಬಾಯಿ ಅವನ್ನು ಲಕೋಟೆ ಸಮೇತ ಡಬ್ಬಿಗಳ ತಳಕ್ಕೆ ಹಾಸಿದಳು. “ಇನ್ನ ಎಣ್ಣಿ ಹತ್ತೂದಿಲ್ಲ,” ಎಂದಳು.

ಮೇ ತಿಂಗಳಲ್ಲಿ ಹೊರಡುವ ಮುನ್ನ ತಾಯಿ ಮಕ್ಕಳು ಒಂದು ವಾರ ಬಾಗೇವಾಡಿಯಲ್ಲಿದ್ದರು. ಅವರು ಹೋದ ಮೇಲೆ ನಾನು ಒಮ್ಮೆ ಆ ದಾರಿಯಲ್ಲಿ ಹೋದಾಗ ಚಂಪಾಬಾಯಿಯ ಗೋಡೆಯನ್ನು ನೋಡಿದೆ. 2007ರ ಮೇ ಇಪ್ಪತ್ತೆರಡರ ಚೌಕದಲ್ಲಿ ಬರೆದಿತ್ತು: ಹುಡುಗಿಯರು ಇಬ್ಬರೂ ಹೋದರು. ಹಾಲು ಅರ್ಧ ಲೀಟರ್ ಕಮ್ಮಿ.