ಪೂರ್ತಿ ಸೆಟ್ಟು ಮನೆಗೆ ಬಂದಾಗ

ನಮ್ಮ ಯಜಮಾನರಿಗೆ ಬೇಸ್‌ಬಾಲ್ ಆಟದ ತಲೆಬುಡ ಗೊತ್ತಿರಲಿಲ್ಲ. ಟಿವಿಯಲ್ಲಿ ಆಟ ಹಾಕಿದರೆ ಹತ್ತು ನಿಮಿಷಕ್ಕೆ ಗೊರಕೆ. ಆದರೆ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳೆಂದರೆ ಪ್ರಾಣ. ಇಸ್ಪೀಟು ಎಲೆಯಷ್ಟಗಲದ ರಟ್ಟಿನ ತುಂಡು. ಒಂದು ಕಾಲದಲ್ಲಿ ಬಬಲ್ ಗಮ್ ಜೊತೆ ಮಕ್ಕಳಿಗೆ ಬರುತ್ತಿದ್ದದ್ದು. ಐವತ್ತರ ದಶಕದ ಒಂದೇ ವರ್ಷದಲ್ಲಿ ಅಚ್ಚಾದ ಅಷ್ಟೂ ಕಾರ್ಡುಗಳನ್ನು ಒಂದೊಂದಾಗಿ ಹುಡುಕಿ ಕೂಡಿಸಬೇಕೆಂಬುದು ಅವರ ಹಟ. ಎಂಬತ್ತರ ದಶಕದ ನಮ್ಮ ಭಾನುವಾರಗಳೆಲ್ಲ ಅದಕ್ಕೇ ಹೋದವು. ಫ್ರೀಮಾಂಟಿನ ಮನೆಯಿಂದ ಹೊರಟರೆ ಸ್ಯಾನ್ ಹೋಸೆಯ ಹಳೇ ಸಾಮಾನಿನ ಫ್ಲೀ ಮಾರ್ಕೆಟ್ಟು, ನೆವಾರ್ಕಿನ ಗರಾಜ್ ಸೇಲು, ಯಾರೋ ಸತ್ತು ಅವರ ಸಾಮಾನು ಮಾರುತ್ತಿರುವ ಮನೆ. ಒಂದು ಕಾರ್ಡು ಸಿಕ್ಕಿತೆಂದರೆ ದಾರಿಯುದ್ದಕ್ಕೂ ಹಾಡು.

"ಅಂಗಡೀಲಿ ಪೂರ್ತಿ ಸೆಟ್ಟೇ ಸಿಗತ್ತಲ್ಲ ರೀ. ಒಂದೇ ಸಲ ತಂದುಬಿಡಿ, ಸಂಡೇ ಆದ್ರೂ ಮನೇಲಿರಬಹುದು" ಎಂದು ನಾನು ಗೊಣಗುತ್ತಿದ್ದೆ.

"ಅದು ಹಬ್ಬದ ದಿನ ಹೋಟ್ಲಿಂದ ಹೋಳಿಗೆ ತರಿಸಿದ ಹಾಗೆ ಕಣೆ. ತಿನ್ನಬಹುದು. ನಮ್ಮನೇದು ಅನ್ನಕ್ಕಾಗಲ್ಲ" ಎನ್ನುತ್ತಿದ್ದರು.

ಮನೆಗೆ ಬಂದವರಿಗೆ ಕಾಫಿಯ ಜೊತೆ ಆಲ್ಬಮ್ ಖಾಯಂ. ಪ್ಲಾಸ್ಟಿಕ್ ಹಾಳೆಯ ಪುಟ್ಟ ಜೇಬುಗಳಲ್ಲಿದ್ದ ಯಾವ ಕಾರ್ಡಿಗೆ ಬೆರಳಿಟ್ಟರೂ ಅದರ ಕಥೆ ಹೇಳುತ್ತಿದ್ದರು. ಎಲ್ಲಿ ಸಿಕ್ಕಿತು, ಮಾರಿದವನ ಟೋಪಿಯ ಬಣ್ಣ ಯಾವುದು, ಅಂದು ನಾನು ಉಟ್ಟ ಸೀರೆ ಯಾವುದು. ಮಂಡ್ಯದ ಕಡೆಯ ಸ್ನೇಹಿತರೊಬ್ಬರು ಬಂದಾಗಲೆಲ್ಲ ಬೇಕೆಂದೇ ಪರೀಕ್ಷೆ ಮಾಡುತ್ತಿದ್ದರು, ಪ್ರತಿ ಸಲವೂ ಸೋಲುತ್ತಿದ್ದರು.

ಜನ ಇದನ್ನು ಜಂಬ ಅಂದುಕೊಂಡಿದ್ದರು. ಒಳಗಿನದು ನನಗೊಬ್ಬಳಿಗೇ ಗೊತ್ತು. ನಮ್ಮ ಮಾವನವರಿಗೆ ಐವತ್ತು ತುಂಬುವ ಮೊದಲೇ ಮರೆವು ಹಿಡಿದಿತ್ತು. ಉಂಡು ಕೈ ತೊಳೆದವರು ಮತ್ತೆ ಬಂದು ತಟ್ಟೆಗೆ ಕಾಯುತ್ತಾ ಕೂರುತ್ತಿದ್ದರಂತೆ. ಹೆಂಡತಿಯನ್ನು ಯಾರೋ ನೆಂಟರು ಎಂದುಕೊಂಡೇ ಪ್ರಾಣಬಿಟ್ಟರು. "ನಂಗೂ ಅದು ಬರತ್ತೆ, ನೋಡ್ತಿರು" ಎಂದು ಇವರು ಮದುವೆಯಾದ ಹೊಸದರಲ್ಲೇ ಹೇಳಿದ್ದರು. ಅಪಶಕುನ ನುಡಿಯಬೇಡಿ ಎಂದು ಬೈದಿದ್ದೆ. ಇದೆಲ್ಲ ಶುರುವಾದಾಗ ಅವರಿಗೆ ನಲವತ್ತೆಂಟು.

ಮೊದಲು ಒಂದೇ ಕಾರ್ಡು ಎರಡು ಸಲ ಮನೆಗೆ ಬಂತು. "ಡಬಲ್ ಇದ್ರೆ ಯಾರ ಹತ್ರಾನಾದ್ರೂ ಬದಲಾಯಿಸ್ಕೋಬಹುದು" ಎಂದರು. ಇರಬಹುದು ಎಂದುಕೊಂಡೆ. ಕೆಲವು ವಾರ ಕಳೆದ ಮೇಲೆ ಒಬ್ಬರೇ ಹೋಗಿದ್ದವರು ಬಾಗಿಲಿಂದಲೇ "ಕೊನೆಗೂ ಸಿಕ್ಬಿಡ್ತು ಕಣೆ!" ಎಂದು ಕೂಗಿದರು. ನೋಡಿದರೆ ಅದೇ ಕಾರ್ಡು, ಮೂರನೆಯ ಸಲ. ಅವರ ಮುಖದ ಮೇಲಿನ ಖುಷಿ ಮಾತ್ರ ಮೊದಲ ಸಲದ್ದು. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ಮಿಲ್ಪಿಟಾಸಿನ ಅವರ ಆಫೀಸಿನಿಂದ ನಮ್ಮ ಮನೆಗೆ ದೂರವೇನಲ್ಲ. ಒಂದು ಸಂಜೆ ಊಟದ ಹೊತ್ತು ಮೀರಿದರೂ ಬರಲಿಲ್ಲ. ಬಂದವರು, "ಲಿವರ್‌ಮೋರ್‌ವರೆಗೂ ಹೋಗಿದ್ದೆ, ದೇವಸ್ಥಾನಕ್ಕೆ" ಎಂದರು. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಪ್ರಸಾದವಿಲ್ಲ. ಕೇಳಿದರೆ ಎಲ್ಲಿ ನಿಜ ಹೇಳಿಬಿಡುತ್ತಾರೋ ಎಂದು ಹೆದರಿ ಸಾರು ಬಿಸಿ ಮಾಡಲು ಹೋದೆ.

ಮಂಡ್ಯದ ಸ್ನೇಹಿತರು ಮತ್ತೆ ಬಂದರು. ಆಲ್ಬಮ್ಮಿನ ಒಂದು ಕಾರ್ಡಿನ ಮೇಲೆ ಬೆರಳಿಟ್ಟು, "ಇದೆಲ್ಲಿ ಸಿಕ್ತು, ಯೋಳಿ ಮತ್ತೆ" ಎಂದರು.

ಇವರು ಕಾರ್ಡನ್ನೇ ನೋಡುತ್ತಾ ಕೂತರು. ಆಮೇಲೆ, "ನೆವಾರ್ಕು" ಎಂದರು.

"ನೋ ಅಪ್ಪಾ, ಸ್ಯಾನ್ ಹೋಸೆ!" ಎಂದಳು ಮಗಳು. ಅವಳಿಗಾಗ ಎಂಟು ವರ್ಷ. "ಐ ಫೌಂಡ್ ಇಟ್, ರಿಮೆಂಬರ್?"

"ಗೆದ್ದೆ! ಇವತ್ತು ನಾನು ಗೆದ್ದೆ!" ಎಂದು ಸ್ನೇಹಿತರು ತೊಡೆ ತಟ್ಟಿ ನಕ್ಕರು. ಇವರೂ ನಕ್ಕು ಮಗಳ ತಲೆ ಸವರಿದರು, ಆಲ್ಬಮ್ ಮುಚ್ಚಿಟ್ಟು ಕಾಫಿ ಲೋಟ ಕೈಗೆತ್ತಿಕೊಂಡರು.

ಅದರ ಮುಂದಿನ ಶನಿವಾರ ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಹೊರಟವರು ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಹಿಡಿದು ಬಂದರು. ಪೂರ್ತಿ ಸೆಟ್ಟು. ಆಲ್ಬಮ್ಮನ್ನು ಅಂಗಡಿಯವನಿಗೆ ಕೊಟ್ಟು ಬದಲಿಗೆ ತಂದಿದ್ದರು. "ನೀನೇ ಹೇಳ್ತಿದ್ದೆಯಲ್ಲ" ಎಂದರು. ಮಗಳು ಅಳುತ್ತಾ ರೂಮಿಗೆ ಹೋದಳು. ನಾನು ಪೆಟ್ಟಿಗೆ ತೆರೆದು ನೋಡಿದೆ. ಒಂದು ಕಲೆಯಿಲ್ಲ, ಒಂದು ಮೂಲೆ ಮಡಚಿಲ್ಲ. ಅಷ್ಟು ಚಂದದ ಕಾರ್ಡುಗಳನ್ನು ಮುಟ್ಟಲು ಯಾಕೋ ನನಗೆ ಮನಸ್ಸಾಗಲಿಲ್ಲ.

ಮುಂದೆ ಯಾರು ಬಂದು ಯಾವ ಕಾರ್ಡು ತೋರಿಸಿದರೂ ಅವರ ಉತ್ತರ ಒಂದೇ: "ಎಲ್ಲಾ ಒಂದೇ ಅಂಗಡೀಲಿ ತಗೊಂಡಿದ್ದು." ನಿರಾಳವಾಗಿ, ನಗುನಗುತ್ತಾ ಹೇಳುತ್ತಿದ್ದರು. ತಪ್ಪಲು ಸಾಧ್ಯವೇ ಇಲ್ಲದ ಉತ್ತರ. ಅದು ತಲೆಗೆ ಹೊಳೆದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

"ಅದಕ್ಕೇ ಆಲ್ಬಮ್ ಕೊಟ್ಟುಬಿಟ್ರಾ?" ಎಂದು ಕೇಳಿದೆ. ಮಗಳು ಸ್ಕೂಲಿಗೆ ಹೋಗಿದ್ದಳು, ಅವರಿಗೆ ರಜೆ.

"ದಿನಾ ಬೆಳಗ್ಗೆ ಎದ್ದು ಪುಟ ತಿರುಗಿಸ್ತಿದ್ದೆ ಕಣೆ. ಒಂದೊಂದೂ ಎಲ್ಲಿಂದ ಬಂತು ಅಂತ. ಮೊದಲು ಒಂದೆರಡು ಹೊಳೀತಿರಲಿಲ್ಲ. ಈಚೆಗೆ ಇಡೀ ಪುಟಾನೇ. ಅದನ್ನ ಕಣ್ಮುಂದೆ ಇಟ್ಕೊಂಡು ಹೇಗೆ ಇರ್ಲಿ ಹೇಳು?"

ಡಾಕ್ಟರ ಹತ್ತಿರ ಹೋಗೋಣ ಎಂದೆ. ಹೂಂ ಎಂದರು. ಆಫೀಸಿನಲ್ಲಿ ಮಾತ್ರ ಯಾರಿಗೂ ಗೊತ್ತಾಗಬಾರದು, ಗೊತ್ತಾದರೆ ಮನೆಗೆ ಕಳಿಸುತ್ತಾರೆ ಎಂದರು. ಆಮೇಲೆ ಕಾರಿನ ಕೀಯನ್ನು ನನ್ನ ಕೈಯಲ್ಲಿಟ್ಟರು.

ಮರುದಿನ ಬೆಳಗ್ಗೆ ಮೊದಲ ಸಲ ಫ್ರೀವೇ ಮೇಲೆ ಕಾರು ಓಡಿಸಿದೆ. ಅವರು ಪಕ್ಕದಲ್ಲಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಿಲ್ಪಿಟಾಸಿನಲ್ಲಿ ಫ್ರೀವೇ ಇಳಿದು ಪಾರ್ಕಿಂಗ್ ಲಾಟಿಗೆ ತಂದು ನಿಲ್ಲಿಸಿದೆ.

"ಇಲ್ಯಾಕೆ ನಿಲ್ಲಿಸ್ದೆ?" ಎಂದರು.

"ನಿಮ್ಮ ಆಫೀಸು ರೀ."

"ಗೊತ್ತು ಕಣೆ. ತಮಾಷೆಗಂದೆ." ನಕ್ಕು ಇಳಿದರು.

ಎದುರಿಗೆ ಒಂದೇ ಥರದ ನಾಲ್ಕು ಕಟ್ಟಡಗಳಿದ್ದವು. ಅವರು ಅಲ್ಲೇ ಬಗ್ಗಿ ಷೂ ಲೇಸು ಬಿಚ್ಚಿ ಕಟ್ಟಿದರು, ಮತ್ತೆ ಬಿಚ್ಚಿ ಕಟ್ಟಿದರು. ಕತ್ತಿಗೆ ಇವರದೇ ಥರದ ಬ್ಯಾಡ್ಜು ಹಾಕಿಕೊಂಡ ಯಾರೋ ಒಬ್ಬರು ಕಾರಿನಿಂದಿಳಿದು ಎಡಗಡೆಯ ಬಾಗಿಲಿನತ್ತ ನಡೆದರು. ಇವರು ಎದ್ದು ಅವರ ಹಿಂದೆಯೇ ಹೋದರು.